ಸಭಾಕಂಪನ ಮತ್ತು ವೈದ್ಯನ ನುಡಿ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯಲ್ಲಿ ನಮ್ಮ ಹಿರಿಯರು ರೋಗವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಸ್ಮರಿಸಿದ್ದಾರೆ. ರೋಗವನ್ನು ಬಲ್ಲ ವೈದ್ಯನು ಮಾತನ್ನೂ ಬಲ್ಲವನಾಗಿರಬೇಕೆಂಬುದು ಇಂದಿನ ವೈದ್ಯಶಿಕ್ಷಣವೂ ಒಪ್ಪಿರುವ ಸಂಗತಿ. ನಮ್ಮ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ 2019ರಿಂದ ಮನೋಭಾವ, ನೀತಿ, ಸಂವಹನಗಳನ್ನು ಕುರಿತ ಪಾಠಗಳು ಸೇರಿವೆ.

ಪದವಿ ಮುಗಿಸಿ, ಆಸ್ಪತ್ರೆಯಲ್ಲಿ ದುಡಿಯುತ್ತಲೇ ಉನ್ನತ ವ್ಯಾಸಂಗ ಮಾಡುವ ರೆಸಿಡೆಂಟ್ ವೈದ್ಯರು ಸೆಮಿನಾರುಗಳಲ್ಲಿ, ಸಮ್ಮೇಳನಗಳಲ್ಲಿ ಮೇಲಿಂದ ಮೇಲೆ ಸಭೆಯ ಮುಂದೆ ನಿಲ್ಲಬೇಕಾಗುತ್ತದೆ. ಬಾಲ್ಯದಿಂದ ಅಂಕಗಳಿಗಾಗಿ ಮೌನವಾಗಿ ಓದಿದ ಮಗುವಿಗೆ ಅಲ್ಲಿ ಗಂಟಲು ಕಟ್ಟುತ್ತದೆ. ತಾನು ಕಂಡ ರೋಗಲಕ್ಷಣವನ್ನು ಹಿರಿಯರ ಮುಂದೆ ಹೇಳಲು ಅಂಜಿ ಮಾತನ್ನು ನುಂಗಿದರೆ, ಅದರ ಫಲವನ್ನು ಉಣ್ಣುವವನು ಹಾಸಿಗೆಯಲ್ಲಿರುವ ರೋಗಿ.

ಈ ಅಂಜಿಕೆಗೆ ವಿಜ್ಞಾನಿಗಳು ಒಂದು ಸೋಜಿಗದ ಉಪಾಯವನ್ನು ಕಂಡುಕೊಂಡಿದ್ದಾರೆ. ಕಂಪ್ಯೂಟರು ರಚಿಸಿದ ಹುಸಿ ಸಭೆಯ ಮುಂದೆ ಮಾತನಾಡುವುದೇ ಆ ಉಪಾಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಲ್ ಸ್ಲೇಟರ್ ಮತ್ತು ಸಂಗಡಿಗರು ಮೂರು ಬಗೆಯ ಸಭೆಗಳನ್ನು ಸೃಷ್ಟಿಸಿದರು. ಒಂದು ಉದಾಸೀನವಾದುದು, ಒಂದು ಮೆಚ್ಚಿ ಆಲಿಸುವುದು, ಇನ್ನೊಂದು ತಿರಸ್ಕರಿಸುವುದು. 2002ರಲ್ಲಿ ಪ್ರಕಟವಾದ ಅವರ ಪ್ರಯೋಗದ ಫಲಿತವೇನೆಂದರೆ, ಎದುರಿಗಿರುವವರು ಬರಿಯ ಚಿತ್ರಗಳೆಂದು ಚೆನ್ನಾಗಿ ಅರಿತಿದ್ದರೂ, ತಿರಸ್ಕರಿಸುವ ಸಭೆಯ ಮುಂದೆ ಮಾತುಗಾರರು ಕಳವಳಗೊಂಡರು.

ಇದನ್ನು ತಿಳಿದಾಗ ನಮಗೆ ನಮ್ಮ ವಿದ್ಯಾರ್ಥಿದೆಸೆ ನೆನಪಾಯಿತು. ಮಠದಲ್ಲಿ ಗುರುಗಳು ನಮ್ಮನ್ನು ಬರಿದಾದ ಪಡಸಾಲೆಯಲ್ಲಿ ನಿಲ್ಲಿಸಿ ಕಂಬಗಳಿಗೆ ಪ್ರವಚನ ಹೇಳಿಸುತ್ತಿದ್ದರು. ನಮಗೆ ಒಳಗೊಳಗೇ ನಗು. ಮುಂದೆ ಒಂದು ಶ್ರಾವಣ ಮಾಸದಲ್ಲಿ ಹಳ್ಳಿಯೊಂದರ ಪ್ರವಚನಕ್ಕೆ ಮೊದಲ ಬಾರಿ ನಿಂತಾಗ ನಾಲಗೆ ಒಣಗಿತು. ಎದುರಿನ ಕಂಬವೊಂದನ್ನು ನೋಡಿದೆವು. ಮಾತು ತಾನಾಗಿ ಬಂದಿತು. ಅಂಜಿಕೆಯ ಬೇರು ಸಭೆಯಲ್ಲಿರದೆ ನಮ್ಮೊಳಗಿರುವುದರಿಂದಲೇ ಹುಸಿ ಸಭೆಯೂ ಸಾಧನೆಗೆ ಒದಗುತ್ತದೆ.

ಇನ್ನೊಂದು ಬಗೆಯೂ ಉಂಟು. ಅಮೆರಿಕದಲ್ಲಿ 2003ರಲ್ಲಿ ಆರಂಭವಾದ 'ಸೆಕೆಂಡ್ ಲೈಫ್' ಎಂಬ ಕಲ್ಪಿತ ಲೋಕದಲ್ಲಿ ಪ್ರತಿಯೊಬ್ಬರೂ ಒಂದೊಂದು ಗೊಂಬೆಯ ರೂಪ ತಾಳಿ ಕಲೆಯುತ್ತಾರೆ. ಆ ರೂಪಕ್ಕೆ ಅವರು ನಮ್ಮ 'ಅವತಾರ' ಶಬ್ದವನ್ನೇ ಬಳಸಿದ್ದಾರೆ. ಬೋಸ್ಟನ್ ವಿಶ್ವವಿದ್ಯಾಲಯದವರು ಸಕ್ಕರೆರೋಗದ ಇನ್ಸುಲಿನ್ ಚಿಕಿತ್ಸೆಯನ್ನು ಕುರಿತು 14 ಮಂದಿ ವೈದ್ಯರಿಗೆ ಅಲ್ಲಿಯೇ ಪಾಠ ನಡೆಸಿ, ಅದರ ವಿವರವನ್ನು 2010ರಲ್ಲಿ ಪ್ರಕಟಿಸಿದರು. ಲಂಡನ್ನಿನ ಪ್ರಯೋಗದಲ್ಲಿ ಕೇಳುವವರು ಹುಸಿ. ಇಲ್ಲಿ ಕೇಳುವವರು ದಿಟ, ಹೇಳುವವನ ಮುಖ ಮಾತ್ರ ಮರೆ. ಮುಖ ಮರೆಯಾದಾಗ ಸಂಕೋಚದವನೂ ಬಾಯಿ ತೆರೆಯಬಲ್ಲನು. ರೆಸಿಡೆಂಟರ ಭಾಷಣಾಭ್ಯಾಸಕ್ಕೆ ಎರಡೂ ಸಲ್ಲುತ್ತವೆ.

ಆದರೆ ಕಂಬದ ಮುಂದಿನ ಅಭ್ಯಾಸ ಕಂಬದಲ್ಲಿಯೇ ಮುಗಿಯಬಾರದು. ತೂಕಡಿಸುವ, ತಲೆದೂಗುವ ಚಿತ್ರಗಳು 'ನೀನು ಹೇಳಿದ್ದು ನಿಜವೇ?' ಎಂದು ಕೇಳಲಿಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುದೇವರು ಅಕ್ಕಮಹಾದೇವಿಯನ್ನು ಎಷ್ಟು ನಿಷ್ಠುರವಾಗಿ ಪ್ರಶ್ನಿಸುತ್ತಾರೆಂಬುದನ್ನು ಬಲ್ಲವರು ಬಲ್ಲರು. ಅಕ್ಕನ ಧೈರ್ಯ ಅಭ್ಯಾಸದಿಂದಷ್ಟೇ ಬಂದುದಲ್ಲ. ಆಕೆಯ ನುಡಿಯ ಹಿಂದೆ ಆಕೆಯ ನಡೆ ನಿಂತಿತ್ತು. ವೈದ್ಯನ ನುಡಿಯ ಹಿಂದೆಯೂ ಅವನು ರೋಗಿಯ ಬಳಿ ಕುಳಿತ ಗಳಿಗೆಗಳು ನಿಲ್ಲಬೇಕು.

ಶರಣ ಬಂಧುಗಳೆ, ನಿಮ್ಮ ಮನೆಯ ಮಗನೋ ಮಗಳೋ ವೈದ್ಯವಿದ್ಯೆ ಕಲಿಯುತ್ತಿದ್ದರೆ, ರಜೆಗೆ ಬಂದಾಗ ಒಂದು ರೋಗದ ವಿಷಯವನ್ನು ಐದು ನಿಮಿಷ ಅಜ್ಜಿಗೆ ವಿವರಿಸಲು ಹೇಳಿರಿ. ಆಮೇಲೆ ಅಜ್ಜಿ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಅವಳು ತಡವರಿಸಿದಲ್ಲಿ ಮಗು ತಿದ್ದಿಕೊಳ್ಳಬೇಕಾದುದು ತನ್ನ ಮಾತನ್ನು. ಇದಕ್ಕೆ ಯಾವ ಯಂತ್ರವೂ ಬೇಡ.