ತಾಯಿತವಾಗಿಬಿಟ್ಟ ಶಿಲುಬೆ

ಶ್ರೀನಿವಾಸಪುರದ ಆಸುಪಾಸಿನ ಹಳ್ಳಿಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಾನೊಂದು ಅಂತ್ಯಸಂಸ್ಕಾರವನ್ನು ನೆರವೇರಿಸಿದೆ. ತೀರಿಕೊಂಡವನು ಇನ್ನೂ ಮೂವತ್ತು ತುಂಬದ ಕೂಲಿಕಾರ. ಮಾವಿನ ತೋಪಿನಲ್ಲಿ ಕಾವಲು ಮಲಗಿದ್ದಾಗ ರಾತ್ರಿ ಹಾವು ಕಚ್ಚಿತ್ತು. ಮನೆಯವರು ಅವನನ್ನು ಮೊದಲು ಹೊತ್ತೊಯ್ದದ್ದು ಪಕ್ಕದೂರಿನಲ್ಲಿ ವಿಷ ಇಳಿಸುವ ಮಂತ್ರಗಾರನ ಬಳಿಗೆ. ಅಲ್ಲಿ ಬೇವಿನ ಸೊಪ್ಪು ಆಡಿಸಿದ್ದಾಯಿತು, ದಾರ ಕಟ್ಟಿದ್ದಾಯಿತು, ಬೆಳಗಿನ ಜಾವದವರೆಗೆ ಕಾದದ್ದಾಯಿತು. ಆಸ್ಪತ್ರೆ ತಲುಪುವ ವೇಳೆಗೆ ನಾಲ್ಕು ಗಂಟೆಗಳು ಕಳೆದಿದ್ದವು, ಉಸಿರೂ ಕೈಬಿಡುತ್ತಿತ್ತು.

ಅವನ ಕೊರಳಲ್ಲಿ ಮೂರು ವಸ್ತುಗಳಿದ್ದವು: ಒಂದು ಕಪ್ಪು ದಾರ, ಒಂದು ತಾಮ್ರದ ತಾಯಿತ, ಅದರ ಪಕ್ಕದಲ್ಲೇ ಒಂದು ಪುಟ್ಟ ಶಿಲುಬೆ. ಸಮಾಧಿಯ ಬಳಿ ಆ ತಾಯಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ ನನ್ನನ್ನು ಕೇಳಿದಳು: “ಎಲ್ಲಾನೂ ಕಟ್ಟಿದ್ನಲ್ಲ ಸ್ವಾಮಿ, ಒಂದಾದ್ರೂ ಯಾಕೆ ಕಾಪಾಡಲಿಲ್ಲ?”

ಅಂದು ನಾನು ಉತ್ತರಿಸಲಿಲ್ಲ. ಧರ್ಮಶಾಸ್ತ್ರವನ್ನು ವರ್ಷಗಟ್ಟಲೆ ಓದಿದ ನಾನು ಆ ಹೆಂಗಸಿನೆದುರು ಮೂಕನಾದೆ. ನನ್ನನ್ನು ಇಂದಿಗೂ ಕಾಡುವುದು ಆಕೆ ಆಡಿದ ‘ಎಲ್ಲಾನೂ’ ಎಂಬ ಒಂದು ಪದ. ಆಕೆಯ ಎಣಿಕೆಯಲ್ಲಿ ಶಿಲುಬೆಯೂ ಒಂದು ತಾಯಿತವಾಗಿತ್ತು. ಅದನ್ನು ಹಾಗೆ ಎಣಿಸಲು ಆಕೆಗೆ ಕಲಿಸಿದವರು ಯಾರು?

ಪ್ರಿಯ ಓದುಗರೇ, ನಮ್ಮ ಕೋಲಾರ ಸೀಮೆಯಲ್ಲಿ ಭಯಕ್ಕೆ ಇರುವಷ್ಟು ಹೆಸರುಗಳು ಭಕ್ತಿಗೂ ಇಲ್ಲವೇನೋ! ಗಾಳಿ ಸೋಕುವುದು, ಪೀಡೆ ಹಿಡಿಯುವುದು, ಮಾಟ ಮಾಡಿಸುವುದು, ದೃಷ್ಟಿ ತಾಕುವುದು, ಕಾಲ್ಗುಣ ಕೆಡುವುದು, ಹೀಗೆ ಒಂದೇ, ಎರಡೇ? ಅಂಗಡಿಯ ಬಾಗಿಲಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ. ಹೊಸಮನೆಯ ಮುಂದೆ ಬೂದುಗುಂಬಳಕಾಯಿ. ಕಟ್ಟುತ್ತಿರುವ ಕಟ್ಟಡಕ್ಕೆ ನಾಲಿಗೆ ಚಾಚಿದ ದೃಷ್ಟಿಬೊಂಬೆ. ಹಸುಗೂಸಿನ ಕೆನ್ನೆಗೆ ಕಪ್ಪು ಬೊಟ್ಟು. ಇವುಗಳಲ್ಲಿ ಕೆಲವು ಮುಗ್ಧ ಸಂಪ್ರದಾಯಗಳು. ತಾಯಿಯೊಬ್ಬಳು ಮಗುವಿನ ಕೆನ್ನೆಗೆ ಇಡುವ ಕಾಡಿಗೆಯ ಮೇಲೆ ಸಮರ ಸಾರುವಷ್ಟು ಒಣಮನಸ್ಸು ನನಗಿಲ್ಲ. ಹೊಲದ ಮೂಲೆಯಲ್ಲಿ ಮುನೇಶ್ವರನಿಗೆ ದೀಪ ಹಚ್ಚುವ ನೆರೆಯವರ ಭಕ್ತಿಯನ್ನು ಹಳಿಯುವುದೂ ನನ್ನ ಉದ್ದೇಶವಲ್ಲ. ನನ್ನ ಜಗಳವಿರುವುದು ಭಯವನ್ನು ಬಂಡವಾಳ ಮಾಡಿಕೊಂಡ ವ್ಯಾಪಾರದೊಡನೆ. ಅದಕ್ಕಿಂತ ಹೆಚ್ಚಾಗಿ, ಆ ವ್ಯಾಪಾರಕ್ಕೆ ನಮ್ಮ ದೇವಾಲಯಗಳ ಅಂಗಳದಲ್ಲೂ ಜಾಗ ಬಿಟ್ಟುಕೊಟ್ಟ ನಮ್ಮೊಡನೆ.

ಇದು ಬಡವರ, ಅನಕ್ಷರಸ್ಥರ ರೋಗವೆಂದು ಭಾವಿಸುವವರು ಥಾಯ್ಲೆಂಡಿನತ್ತ ಒಮ್ಮೆ ನೋಡಬೇಕು. ಶಾಲೆ, ಆಸ್ಪತ್ರೆ, ಹೆದ್ದಾರಿಗಳಲ್ಲಿ ನಮಗಿಂತ ಹಿಂದುಳಿಯದ ಆ ದೇಶದಲ್ಲಿ ಮನೆಯ, ಅಂಗಡಿಯ, ಬಹುಮಹಡಿ ಕಟ್ಟಡದ ಅಂಗಳದಲ್ಲೂ ಕಂಬದ ಮೇಲೊಂದು ಪುಟ್ಟ ಗುಡಿ ಕಾಣುತ್ತದೆ. ಅದು ಆ ನೆಲದ ಒಡೆಯನಾದ ಆತ್ಮಕ್ಕೆ ಕಟ್ಟಿಕೊಟ್ಟ ಮನೆ. ಅದಕ್ಕೆ ಹೂಮಾಲೆ, ಅನ್ನ, ಕೆಂಪು ಪಾನೀಯದ ಬಾಟಲಿ ನೈವೇದ್ಯ. ಸ್ವಪ್ರಯತ್ನವನ್ನೇ ಬೋಧಿಸಿದ ಬುದ್ಧನ ಬಿಂಬವೇ ಅಲ್ಲಿ ಕೊರಳ ರಕ್ಷೆಯಾಗಿ ಮಾರಾಟವಾಗುತ್ತದೆ. ೨೦೦೭ರಲ್ಲಿ ‘ಜಟುಖಾಮ್ ರಾಮಥೆಪ್’ ಎಂಬ ರಕ್ಷೆಗೆ ದೇಶವೇ ಮುಗಿಬಿದ್ದಿತ್ತು. ನಖೋನ್ ಸಿ ತಮ್ಮರಾತ್ ಪಟ್ಟಣದಲ್ಲಿ ಅದನ್ನು ಪಡೆಯಲು ಸೇರಿದ ಜನರ ನೂಕುನುಗ್ಗಲಿನಲ್ಲಿ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಪ್ರಾಣ ಕಾಯುವ ಬಿಲ್ಲೆಗಾಗಿ ಪ್ರಾಣವನ್ನೇ ತೆತ್ತದ್ದು!

ಇನ್ನೂ ಒಂದು ಸಂಗತಿ ಮನಸ್ಸನ್ನು ಕಲಕುವಂಥದ್ದು. ಬ್ಯಾಂಕಾಕಿನಲ್ಲಿ ಹೋಟೆಲೊಂದರ ನಿರ್ಮಾಣದಲ್ಲಿ ಅಪಘಾತಗಳಾದವೆಂದು ೧೯೫೬ರಲ್ಲಿ ನಮ್ಮ ಚತುರ್ಮುಖ ಬ್ರಹ್ಮನ ಮೂರ್ತಿಯನ್ನು ಅಲ್ಲಿ ಸ್ಥಾಪಿಸಲಾಯಿತು. ಎರವಾನ್ ಗುಡಿಯೆಂದು ಅದು ಪ್ರಸಿದ್ಧ. ೨೦೦೬ರ ಮಾರ್ಚಿನಲ್ಲಿ ಮಾನಸಿಕ ಅಸ್ವಸ್ಥನಾಗಿದ್ದ ಯುವಕನೊಬ್ಬ ಆ ಮೂರ್ತಿಯನ್ನು ಸುತ್ತಿಗೆಯಿಂದ ಒಡೆದ; ಅಲ್ಲಿದ್ದವರು ಅವನನ್ನು ಬಡಿದು ಕೊಂದರು. ಮೂರ್ತಿಯನ್ನು ಮತ್ತೆ ಮಾಡಬಹುದಿತ್ತು, ಮಾಡಿದರು ಕೂಡ. ಆ ಯುವಕನನ್ನು ಮತ್ತೆ ಮಾಡುವವರು ಯಾರು? ಅದೃಷ್ಟ ಕೈತಪ್ಪೀತೆಂಬ ಭಯಕ್ಕೆ ಸಿಲುಕಿದ ಮನುಷ್ಯ ಎಷ್ಟು ಕ್ರೂರಿಯಾಗಬಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೂರದ ಮಾತು ಬಿಡೋಣ. ನಮ್ಮ ರೈತ ಏಕೆ ಅದೃಷ್ಟದ ಮೊರೆಹೋಗುತ್ತಾನೆ? ಶ್ರೀನಿವಾಸಪುರದ ಬದುಕು ನಿಂತಿರುವುದು ಮಾವಿನ ಮೇಲೆ. ಹೂ ಬಿಟ್ಟಾಗ ಮಂಜು ಕವಿಯಬಾರದು, ಕಾಯಿ ಕಟ್ಟಿದಾಗ ಆಲಿಕಲ್ಲು ಬೀಳಬಾರದು, ಮಂಡಿಗೆ ಬಂದಾಗ ಬೆಲೆ ಬೀಳಬಾರದು. ಈ ಮೂರರಲ್ಲಿ ಒಂದೂ ಅವನ ಕೈಯಲ್ಲಿಲ್ಲ. ೨೦೨೫ರ ಜೂನಿನಲ್ಲಿ ತೋತಾಪುರಿಯ ಬೆಲೆ ನೆಲಕಚ್ಚಿತು; ಆಂಧ್ರದ ಚಿತ್ತೂರು ಜಿಲ್ಲೆ ನಮ್ಮ ಕಾಯಿಗೆ ಗಡಿಯನ್ನೇ ಮುಚ್ಚಿತು; ಬೆಂಬಲ ಬೆಲೆಗಾಗಿ ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು. ನೀರಿನ ಕಥೆ ಇನ್ನೂ ಕಠಿಣ. ಕಲ್ಲುಬಂಡೆಯ ಈ ನೆಲದಲ್ಲಿ ನೀರಿರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಸಾವಿರ ಅಡಿ ದಾಟಿ ಕೊರೆದರೂ ಬರಿಯ ಧೂಳು ಬರುವುದುಂಟು. ನೀರು ಬಂದರೆ ಅದರಲ್ಲಿ ಫ್ಲೋರೈಡ್ ಇರುವುದುಂಟು. ಹೀಗಿರುವಾಗ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಅದು ಎದ್ದು ನಿಂತಲ್ಲಿ ಗಂಗೆ ಇದ್ದಾಳೆಂದು ತೋರಿಸುವವನು ದೇವದೂತನಂತೆ ಕಾಣುವುದು ಸಹಜ. ನೀರು ಬಂದರೆ ಅವನ ಕೈಗುಣ. ಬಾರದಿದ್ದರೆ ರೈತನ ಗ್ರಹಚಾರ. ಸಾಲ ಮಾತ್ರ ಎರಡೂ ಸಂದರ್ಭಗಳಲ್ಲಿ ರೈತನದೇ.

ಆದುದರಿಂದ ತಾಯಿತ ಕಟ್ಟಿದವನನ್ನು ಮೂಢನೆಂದು ಜರಿಯುವ ಮೊದಲು ಅವನನ್ನು ಆ ಅಭದ್ರತೆಗೆ ದೂಡಿದ ಅನ್ಯಾಯವನ್ನು ಜರಿಯಬೇಕು. ಬೆಳೆಗೆ ನ್ಯಾಯವಾದ ಬೆಲೆ, ಕೆರೆಗೆ ನೀರು, ಹತ್ತಿರದಲ್ಲೊಬ್ಬ ವೈದ್ಯ ಇದ್ದರೆ ಮಂತ್ರಗಾರನ ಅರ್ಧ ಗಿರಾಕಿಗಳು ತಾವಾಗಿಯೇ ಕರಗುತ್ತಾರೆ. ಉಳಿದರ್ಧಕ್ಕೆ ಮಾತ್ರ ಉಪದೇಶ ಬೇಕು.

“ಒಂದು ದಾರ ಕಟ್ಟಿಕೊಂಡರೆ ನಷ್ಟವೇನು ಫಾದರ್? ಮನಸ್ಸಿಗೊಂದು ಧೈರ್ಯ” ಎನ್ನುವವರಿದ್ದಾರೆ. ನಷ್ಟದ ಲೆಕ್ಕ ಕೊಡುತ್ತೇನೆ.

ಮೊದಲನೆಯದು ಕಾಲದ ನಷ್ಟ. ಕಚ್ಚುವ ಹಾವುಗಳಲ್ಲಿ ಹಲವು ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷವನ್ನು ಬಿಡದೆ ಕಚ್ಚುತ್ತದೆ. ಹೀಗೆ ತಾವಾಗಿಯೇ ಬದುಕುವವರೆಲ್ಲ ಮಂತ್ರಗಾರನ ಕೀರ್ತಿಯ ಖಾತೆಗೆ ಜಮೆಯಾಗುತ್ತಾರೆ. ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಪ್ರತಿವಿಷದ ಔಷಧವಿದೆ. ಕಚ್ಚಿದ ಅಂಗವನ್ನು ಅಲುಗಿಸದೆ, ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ರಾಜ್ಯವು ೨೦೨೪ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಈ ಸಾವುಗಳನ್ನು ತಡೆಯಬಹುದೆಂಬ ಕಾರಣಕ್ಕೇ.

ಎರಡನೆಯದು ಬುದ್ಧಿ ನೊಂದವರ ನಷ್ಟ. ಮಾನಸಿಕ ರೋಗವನ್ನು ದೆವ್ವವೆಂದು ಕರೆದೊಡನೆ ರೋಗಿಗೆ ಔಷಧ ತಪ್ಪುತ್ತದೆ, ಏಟು ಸಿಗುತ್ತದೆ. ನೆರೆಯ ತಮಿಳುನಾಡಿನ ಏರ್ವಾಡಿಯಲ್ಲಿ ೨೦೦೧ರ ಆಗಸ್ಟ್ ೬ರಂದು ದರ್ಗಾದ ಬಳಿಯ ಆಶ್ರಯಮನೆಯೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು ೨೮ ಮಂದಿ. ಅದು ಬೇರೆಯವರ ಕ್ಷೇತ್ರವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಕ್ಷೇತ್ರಗಳಲ್ಲೂ ಕೂದಲು ಕೆದರಿ ಕೂಗುವ ಹೆಣ್ಣುಮಕ್ಕಳ ಸುತ್ತ ಜನ ನೆರೆದು ನೋಡುವುದನ್ನು ನಾನು ಕಂಡಿದ್ದೇನೆ.

ಮೂರನೆಯದು ನ್ಯಾಯದ ನಷ್ಟ. ಅದೃಷ್ಟವೆಂಬುದೊಂದು ಇದ್ದರೆ ದುರದೃಷ್ಟಕ್ಕೊಬ್ಬ ಅಪರಾಧಿ ಬೇಕಲ್ಲವೇ? ಆ ಅಪರಾಧಿ ಯಾವಾಗಲೂ ಮನೆಯ ಅತ್ಯಂತ ದುರ್ಬಲ ವ್ಯಕ್ತಿಯೇ. ಕೊಳವೆಬಾವಿ ಬತ್ತಿದರೆ ಹೊಸ ಸೊಸೆಯ ಕಾಲ್ಗುಣ. ಹಸು ಸತ್ತರೆ ಎದುರಿಗೆ ಬಂದ ವಿಧವೆ. ಮಗುವಿಗೆ ಜ್ವರ ಬಂದರೆ ಮಕ್ಕಳಿಲ್ಲದವಳ ಕಣ್ಣು. ಸಿಲೋವದ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ ಯೇಸುಸ್ವಾಮಿ ಆ ಸತ್ತವರು ಉಳಿದವರಿಗಿಂತ ಪಾಪಿಗಳೆಂಬ ಎಣಿಕೆಯನ್ನು ನೇರವಾಗಿ ತಳ್ಳಿಹಾಕಿದರು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗಲೂ ಹಾಗೆಯೇ. ಪ್ರಭುವು ಕಾರಣಪುರುಷನನ್ನು ಹುಡುಕಲಿಲ್ಲ. ಕುರುಡನಿಗೆ ಕಣ್ಣು ಕೊಟ್ಟರು. ಸೊಸೆಯ ಕಾಲ್ಗುಣ ನೋಡುವ ಕ್ರೈಸ್ತ ಮನೆಯವರು ಈ ಎರಡು ಅಧ್ಯಾಯಗಳನ್ನು ಹರಿದುಹಾಕಿ ಬೈಬಲನ್ನು ಓದುತ್ತಿದ್ದಾರೆಂದೇ ನಾನು ಹೇಳುತ್ತೇನೆ.

ಈಗ ನಮ್ಮ ಕೊರಳಿಗೆ ಬರೋಣ. “ನೀವೂ ಮಂತ್ರಿಸಿದ ನೀರು ಕೊಡುತ್ತೀರಿ, ಪದಕ ಕೊಡುತ್ತೀರಿ. ಇದಕ್ಕೂ ತಾಯಿತಕ್ಕೂ ವ್ಯತ್ಯಾಸವೇನು?” ಪ್ರಶ್ನೆ ನ್ಯಾಯವಾದುದು. ತಾಯಿತ ದೇವರನ್ನು ನನ್ನ ಇಚ್ಛೆಗೆ ಕಟ್ಟಿಹಾಕಲು ಹವಣಿಸುತ್ತದೆ. ಶಿಲುಬೆ ನನ್ನನ್ನು ದೇವರ ಇಚ್ಛೆಗೆ ಒಪ್ಪಿಸುತ್ತದೆ. ತಾಯಿತ ಕಷ್ಟ ಬಾರದೆಂದು ಮಾತು ಕೊಡುತ್ತದೆ; ಶಿಲುಬೆ ಕಷ್ಟದಲ್ಲಿ ಜೊತೆಗಿರುವವನನ್ನು ತೋರಿಸುತ್ತದೆ. ಶಿಲುಬೆ ರಕ್ಷಾಯಂತ್ರವಾಗಿದ್ದರೆ ಅದರ ಮೇಲೆ ತೂಗಿದವನೇ ಮೊದಲು ಪಾರಾಗುತ್ತಿದ್ದ! ಪವಿತ್ರ ಜಲ ನಮ್ಮ ದೀಕ್ಷಾಸ್ನಾನದ ನೆನಪು. ಉತ್ತರೀಯ, ಪದಕಗಳು ಪ್ರಾರ್ಥನೆಯ ಬದುಕಿಗೆ ಕರೆ. ಪ್ರಾರ್ಥನೆಯ ಅಥವಾ ಸಂಸ್ಕಾರಚಿಹ್ನೆಯ ಫಲವು ಅಂತರಂಗವನ್ನು ಬಿಟ್ಟು ಬರಿಯ ಹೊರಗಿನ ಆಚರಣೆಯಿಂದಲೇ ಬರುವುದೆಂದು ನಂಬುವುದು ಮೂಢನಂಬಿಕೆಯೇ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ ೨೧೧೧ನೆಯ ಕಂಡಿಕೆಯಲ್ಲಿ ತಿಳಿಸುತ್ತದೆ. ತಾಯಿತ ಧರಿಸುವುದನ್ನು ೨೧೧೭ನೆಯ ಕಂಡಿಕೆ ಖಂಡಿಸುತ್ತದೆ. ಎರಡನೆಯದನ್ನು ನಾವು ಪೀಠದಿಂದ ಗಟ್ಟಿಯಾಗಿ ಬೋಧಿಸುತ್ತೇವೆ. ಮೊದಲನೆಯದನ್ನು ಮಾತ್ರ ಮರೆತುಬಿಡುತ್ತೇವೆ.

ತೊಂಬತ್ತೊಂದನೆಯ ಕೀರ್ತನೆಯನ್ನು ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸಿದರೆ ಅಪಾಯ ಬಾರದೆಂದು ನಂಬುವ ಮನೆಗಳು ಎಷ್ಟಿಲ್ಲ! ಅದೇ ಕೀರ್ತನೆಯನ್ನು ಉದ್ಧರಿಸಿ ದೇವಾಲಯದ ಶಿಖರದಿಂದ ಧುಮುಕು ಎಂದು ಯೇಸುವನ್ನು ಪ್ರೇರಿಸಿದವನು ಯಾರೆಂಬುದನ್ನು ನೆನಪಿಸಿಕೊಳ್ಳೋಣ. ದೇವರ ವಾಕ್ಯವನ್ನು ಮೊದಲು ತಾಯಿತವಾಗಿ ಬಳಸಿದವನು ಸೈತಾನನೇ.

ಹಾವಿನ ಮಾತಿನಿಂದ ಆರಂಭಿಸಿದೆ; ಹಾವಿನ ಇನ್ನೊಂದು ಕಥೆಯನ್ನೂ ಹೇಳಬೇಕು. ಮರುಭೂಮಿಯಲ್ಲಿ ಹಾವು ಕಚ್ಚಿದವರಿಗಾಗಿ ಮೋಶೆ ದೇವರ ಅಪ್ಪಣೆಯಂತೆ ಕಂಚಿನ ಸರ್ಪವನ್ನು ಎತ್ತಿ ನಿಲ್ಲಿಸಿದ. ಅದು ದೇವರೇ ಕೊಟ್ಟ ಚಿಹ್ನೆ. ಶತಮಾನಗಳ ನಂತರ ಜನ ಆ ಸರ್ಪಕ್ಕೇ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಚೂರು ಚೂರು ಮಾಡಿದ. ಪವಿತ್ರವಾದ ವಸ್ತುವೂ ದೇವರ ಸ್ಥಾನವನ್ನು ಆಕ್ರಮಿಸಿದಾಗ ಬರಿಯ ಕಂಚು. ಆ ಅರಸನ ಎದೆಗಾರಿಕೆ ನಮ್ಮ ಗುರುಗಳಲ್ಲಿ, ನನ್ನನ್ನೂ ಸೇರಿಸಿ, ಎಷ್ಟು ಜನರಿಗಿದೆ? ಮಂತ್ರಿಸಿದ ದಾರ ಕೇಳಿ ಬಂದವರಿಗೆ ಬೋಧಿಸುವ ವ್ಯವಧಾನವಿಲ್ಲದೆ ಪದಕವೊಂದನ್ನು ಕೈಗಿಟ್ಟು ಕಳುಹಿಸಿದ ದಿನಗಳು ನನ್ನವೂ ಇವೆ. ಆ ತಾಯಿಯ ‘ಎಲ್ಲಾನೂ’ ಎಂಬ ಮಾತಿನಲ್ಲಿ ನನ್ನ ಪಾಲೂ ಇದೆ.

ನಮ್ಮ ನಾಡು ಈ ಪ್ರಶ್ನೆಯನ್ನು ಎಂದೋ ಎತ್ತಿಕೊಂಡಿತ್ತು. ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನು ರಚಿಸಿದರು. ಪ್ರಶ್ನಿಸದೆ ಒಪ್ಪಬೇಡಿರೆಂಬುದೇ ಅವರ ಬದುಕಿನ ಬೋಧನೆ. ವಿಶ್ವಾಸಿಗಳಾದ ನಮಗೆ ಆ ಬೋಧನೆ ವೈರಿಯಲ್ಲ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರದ ವಿರುದ್ಧದ ೨೦೧೭ರ ಕಾಯಿದೆ ೨೦೨೦ರ ಜನವರಿಯಲ್ಲಿ ಜಾರಿಗೆ ಬಂದಿದೆ. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆಯನ್ನು ತಡೆದು ಮಂತ್ರ, ದಾರಗಳ ಉಪಚಾರ ಮಾಡುವುದು ಅದರಡಿ ಅಪರಾಧ. ಆದರೆ ಭಯವನ್ನು ಕಾಯಿದೆಯೊಂದೇ ಓಡಿಸಲಾರದು. ಎಫೆಸದ ಮಂತ್ರವಾದಿಗಳು ಐವತ್ತು ಸಾವಿರ ಬೆಳ್ಳಿನಾಣ್ಯಗಳ ಬೆಲೆಯ ತಮ್ಮ ಗ್ರಂಥಗಳನ್ನು ತಾವೇ ತಂದು ಸುಟ್ಟರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅವರ ಮನೆಗೆ ಪೊಲೀಸರು ಹೋಗಿರಲಿಲ್ಲ. ಅವರ ಹೃದಯ ತಿರುಗಿತ್ತು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಪ್ರತಿ ಧರ್ಮಕೇಂದ್ರದ ಸೂಚನಾಫಲಕದಲ್ಲಿ ೧೦೮ರ ಆಂಬುಲೆನ್ಸ್ ಸಂಖ್ಯೆ, ಪ್ರತಿವಿಷ ದೊರೆಯುವ ಹತ್ತಿರದ ಆಸ್ಪತ್ರೆಯ ಹೆಸರು, ಮಾನಸಿಕ ನೆರವಿನ ೧೪೪೧೬ರ ದೂರವಾಣಿ ಸಂಖ್ಯೆ ಇರಲಿ. ದೆವ್ವವೆಂದು ಕರೆತಂದವರನ್ನು ಗುರುಗಳು ಪ್ರಾರ್ಥಿಸಿ, ಜೊತೆಗೇ ವೈದ್ಯರ ಬಳಿಗೆ ಕಳುಹಿಸಲಿ. ಪದಕ ಕೊಡುವ ಪ್ರತಿ ಕೈ ಅದರ ಅರ್ಥವನ್ನೂ ಕೊಡಲಿ. ಅದಕ್ಕೆ ಸಮಯವಿಲ್ಲವೆಂದರೆ ಪದಕವನ್ನು ಕೊಡದಿರುವುದೇ ಲೇಸು.

ಆ ತಾಯಿ ಈಗಲೂ ಭಾನುವಾರದ ಬಲಿಪೂಜೆಗೆ ಬರುತ್ತಾಳೆ, ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಕೆಲವು ತಿಂಗಳ ಹಿಂದೆ ಆಕೆಯ ಮನೆಗೆ ಹೋಗಿ ಅಂದು ಹೇಳದ ಉತ್ತರವನ್ನು ಹೇಳಿದೆ: “ಅಮ್ಮಾ, ಕಾಪಾಡಬೇಕಾಗಿದ್ದುದು ಆ ದಾರವೂ ಅಲ್ಲ, ಆ ಶಿಲುಬೆಯ ತುಂಡೂ ಅಲ್ಲ. ನಾವು ಕಾಪಾಡಬೇಕಾಗಿತ್ತು. ಮೊದಲೇ ಹೇಳಿಕೊಡದೆ ಹೋದೆವು.” ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗಿನಿಂದ ಮೊಮ್ಮಗನನ್ನು ಕರೆದು, ಅವನ ಕೊರಳಿನ ಕಪ್ಪು ದಾರವನ್ನು ತೋರಿಸಿ, “ಇದನ್ನ ಬಿಚ್ಲಾ ಸ್ವಾಮಿ?” ಎಂದು ಕೇಳಿದಳು.

“ದಾರದ ಮಾತು ಆಮೇಲಾಗಲಿ. ಹಾವು ಕಚ್ಚಿದರೆ ಎಲ್ಲಿಗೆ ಓಡಬೇಕೆಂದು ಮೊದಲು ಅವನಿಗೆ ಹೇಳಿಕೊಡು” ಎಂದೆ.