ನೆನಪಿನ ಮರಕ್ಕೆ ನೀರೆರೆಯುವವರಾರು?

ಅಗಲಿದ ಹಿರಿಯರ ಹೆಸರಿನಲ್ಲಿಯೂ ಊರಿನ ಹಿತಕ್ಕಾಗಿ ದುಡಿದವರ ಸ್ಮರಣಾರ್ಥವಾಗಿಯೂ ಸಾಲುಮರಗಳನ್ನು ನೆಡಿಸುವ ಪರಿಪಾಠವು ನಮ್ಮ ಪಟ್ಟಣಗಳಲ್ಲಿ ಇರುವದು ಸಂತೋಷದ ಸಂಗತಿಯೇ ಸರಿ. ದಾರಿಹೋಕನಿಗೆ ನೆರಳನ್ನೂ ಹಕ್ಕಿಗೆ ಗೂಡನ್ನೂ ಕೊಡುವ ಸ್ಮಾರಕವು ಬೇರೊಂದಿಲ್ಲ. ಆದರೆ ಈ ಸತ್ಕಾರ್ಯಕ್ಕೆ ಧನಸಹಾಯ ಮಾಡುವ ಮಹನೀಯರಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಅರಿಕೆ ಮಾಡಬೇಕಾಗಿದೆ.

ಸಸಿಯ ಬೆಲೆ ಅಲ್ಪವಾದದ್ದು. ಅದರ ಪಾಲನೆಯ ಬೆಲೆಯೇ ದೊಡ್ಡದು. ಸಮಾರಂಭದ ದಿನ ಗುದ್ದಲಿ ಹಿಡಿಯುವ ಕೈಗಳು ಬಹಳ. ಚೈತ್ರದ ಬಿಸಿಲಿನಲ್ಲಿ ಕೊಡ ಹೊರುವ ಕೈಗಳು ವಿರಳ. ಸಸಿಯು ಬಾಡಿ, ಬೇಲಿ ಮುರಿದು, ಹೆಸರಿನ ಫಲಕವೊಂದೇ ಉಳಿದರೆ ಅದು ಗತಿಸಿದವರಿಗೆ ಸಂದ ಗೌರವವಾದೀತೆ?

ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಚರಿತ್ರೆಯು ಈ ವಿಷಯದಲ್ಲಿ ನಮಗೆ ಪಾಠವಾಗಬೇಕು. ಮಕ್ಕಳಿಲ್ಲದ ಆ ದಂಪತಿಗಳು ಮೊದಲ ವರ್ಷ ನೆಟ್ಟದ್ದು ಹತ್ತೇ ಆಲದ ಸಸಿಗಳನ್ನು. ಕೊಡಗಳಲ್ಲಿ ನೀರು ಹೊತ್ತರು. ದನಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಹೀಗೆ ಹುಲಿಕಲ್-ಕುದೂರು ಮಾರ್ಗದಲ್ಲಿ ಸುಮಾರು 4 ಕಿಲೋಮೀಟರುಗಳ ಉದ್ದಕ್ಕೆ 380ಕ್ಕೂ ಮಿಕ್ಕಿ ಆಲದ ಮರಗಳು ಎದ್ದು ನಿಂತವು. 2019ರಲ್ಲಿ ಆ ತಾಯಿಗೆ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಅದೇ ವರ್ಷ ರಸ್ತೆಯ ಅಗಲೀಕರಣದಿಂದ ಆ ಮರಗಳಿಗೇ ಕುತ್ತು ಬಂದಾಗ, ಅವುಗಳನ್ನು ಉಳಿಸಿರೆಂದು ಅವರು ಸರಕಾರವನ್ನು ಬೇಡಿಕೊಳ್ಳಬೇಕಾಯಿತು. 2025ರ ನವೆಂಬರಿನಲ್ಲಿ ಅವರು ಕಾಲವಶರಾದರು.

ಆದ್ದರಿಂದ ದಾನಿಗಳು ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕೊಡುವ ಹಣದ ಹೆಚ್ಚಿನ ಪಾಲನ್ನು ಮೂರು ಬೇಸಿಗೆಗಳ ನೀರಿಗೂ ಬೇಲಿಗೂ ಮೀಸಲಿಡಬೇಕು. ಎರಡನೆಯದಾಗಿ, ಪುಣ್ಯತಿಥಿಯು ಮಾಘದಲ್ಲಿ ಬಂದರೂ ಸಸಿಯನ್ನು ಮುಂಗಾರಿನಲ್ಲಿಯೇ ನೆಡಿಸಬೇಕು. 1950ರಲ್ಲಿ ಕನ್ಹಯ್ಯಾಲಾಲ ಮುನ್ಶಿಯವರು ಆರಂಭಿಸಿದ ವನಮಹೋತ್ಸವವು ಮಳೆಗಾಲದ ಜುಲೈ ತಿಂಗಳಲ್ಲಿ ನಡೆಯುವದು ಸುಮ್ಮನೆ ಅಲ್ಲ. ಮೂರನೆಯದಾಗಿ, ಸ್ಥಳವನ್ನೂ ಜಾತಿಯನ್ನೂ ವಿಚಾರಿಸಿ ಆರಿಸಬೇಕು. ವಿದ್ಯುತ್ತಂತಿಯ ಕೆಳಗೆ ಆಲವನ್ನು ನೆಟ್ಟರೆ ಕೊಡಲಿಯನ್ನು ಕರೆದಂತೆಯೇ. ಇಕ್ಕಟ್ಟಾದ ಬೀದಿಗೆ ಹೊಂಗೆ ಸಾಕು. ಆಲ, ಅರಳಿಗಳಿಗೆ ವಿಶಾಲವಾದ ಬಯಲು ಬೇಕು. ಮುಂದೆ ರಸ್ತೆಯು ಎಷ್ಟು ಅಗಲವಾಗುವದೆಂಬುದನ್ನು ಪುರಸಭೆಯಿಂದ ಮೊದಲೇ ತಿಳಿದುಕೊಳ್ಳುವದು ಲೇಸು.

ನಮ್ಮ ಉಪಾಧ್ಯಾಯ ಬಂಧುಗಳಿಗೂ ಒಂದು ಸೂಚನೆ. ಶಾಲೆಯಲ್ಲಿ ಒಂದು ಮರಗಳ ದಫ್ತರವನ್ನಿಡಿರಿ. ಯಾರ ನೆನಪಿನ ಮರ, ಯಾವ ದಿನ ನೆಟ್ಟದ್ದು, ಯಾವ ತರಗತಿಯು ನೀರೆರೆಯುವದು ಎಂಬುದು ಅದರಲ್ಲಿರಲಿ. ಪ್ರತಿ ವರ್ಷ ಸ್ಮರಣದಿನದಂದು ಭಾಷಣಕ್ಕೆ ಮುಂಚೆ ಬದುಕಿರುವ ಮರಗಳ ಲೆಕ್ಕವನ್ನು ಓದಿರಿ. ಸತ್ತವುಗಳ ಸ್ಥಾನದಲ್ಲಿ ಬರುವ ಮುಂಗಾರಿಗೆ ಮತ್ತೆ ನೆಡಿಸಿರಿ. ಹೆಸರು ಕೊಟ್ಟವರು ಮರೆತರೂ ಊರು ಮರೆಯದಂತಿರಲು ಇದಕ್ಕಿಂತ ಸುಲಭವಾದ ಉಪಾಯವು ನಮಗೆ ತೋರುವದಿಲ್ಲ.