ಹೊನವಾಡದ ತಿದ್ದುಪಡಿ ನಿಮ್ಮ ಮೊಬೈಲಿಗೆ ಬಂದಿತ್ತಾ?

2024ರ ಅಕ್ಟೋಬರ್ ಕೊನೆಯ ವಾರ ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಹೊನವಾಡ ಗ್ರಾಮ ಇಡೀ ದೇಶದ ಬಾಯಲ್ಲಿತ್ತು. ಊರಿನ 1,200 ಎಕರೆ ಜಮೀನು ವಕ್ಫ್ ಪಾಲಾಗುತ್ತಿದೆ ಅನ್ನೋದು ಸುದ್ದಿ. ರೈತರ ಆತಂಕ ಸುಳ್ಳಲ್ಲ. ದ್ರಾಕ್ಷಿ ಬೆಳೆಯುವ ಸೀಮೆ ಇದು. ಸಾಲ ಮಾಡಿ ಬಳ್ಳಿ ಹಬ್ಬಿಸಿದವರಿಗೆ ಪಹಣಿಯ ಒಂದು ಕಾಲಂ ಬದಲಾಗುತ್ತೆ ಅಂದರೂ ನಿದ್ದೆ ಹೋಗುತ್ತದೆ.

ಕೆಲವೇ ದಿನಗಳಲ್ಲಿ ಜಿಲ್ಲಾ ಉಸ್ತುವಾರಿ ಸಚಿವರೂ ಬಬಲೇಶ್ವರದ ಶಾಸಕರೂ ಆದ ಎಂ.ಬಿ. ಪಾಟೀಲರು ವಿವರಣೆ ಕೊಟ್ಟರು. ಆ ಜಮೀನಿನ ಸರ್ವೆ ನಂಬರುಗಳು ವಿಜಯಪುರ ನಗರದ ಮಹಾಲ ಬಾಗಾಯತಕ್ಕೆ ಸೇರಿದವು. 1974ರ ಗೆಜೆಟ್‌ನಲ್ಲಿ ಅದರ ಪಕ್ಕ ಕಂಸದಲ್ಲಿ 'ಹೊನವಾಡ' ಅಂತ ತಪ್ಪಾಗಿ ಸೇರಿಬಿಟ್ಟಿತ್ತು. 1977ರಲ್ಲೇ ಅದನ್ನು ತಿದ್ದಲಾಗಿದೆ. ಹೊನವಾಡದಲ್ಲಿ ವಕ್ಫ್‌ಗೆ ಸೇರಿರುವುದು ಸುಮಾರು 11 ಎಕರೆ ಮಾತ್ರ, ಅದರಲ್ಲಿ ಬಹುಪಾಲು ಸ್ಮಶಾನ. ಇದು ಅವರು ಹೇಳಿದ್ದು.

ನನ್ನ ಪ್ರಶ್ನೆ ಇಷ್ಟೇ. 1,200 ಎಕರೆ ಅನ್ನೋ ಅಂಕಿ ನಿಮಗೆ ನೆನಪಿದೆ. 11 ಎಕರೆ ಅನ್ನೋದು ನೆನಪಿದೆಯಾ? 1977 ಅನ್ನೋದು?

ಮೂರು ಸುದ್ದಿ ಒಂದಾದ ಬಗೆ

ಆ ಎರಡು ವಾರದಲ್ಲಿ ನಡೆದದ್ದು ಒಂದಲ್ಲ, ಮೂರು ಬೇರೆ ಬೇರೆ ಸಂಗತಿ. ಹೊನವಾಡದ್ದು ಅರ್ಧ ಶತಮಾನದ ಹಿಂದಿನ ಬರವಣಿಗೆಯ ತಪ್ಪು. ಇಂಡಿ ತಾಲ್ಲೂಕಿನದು ಹಾಗಲ್ಲ. ಅಲ್ಲಿ 41 ಸರ್ವೆ ನಂಬರುಗಳ ಪಹಣಿಯಲ್ಲಿ ರೈತರಿಗೆ ನೋಟಿಸ್ ಕೂಡ ಕೊಡದೆ ವಕ್ಫ್ ಹೆಸರು ಸೇರಿಸಿದ್ದನ್ನು ಸರ್ಕಾರವೇ ಒಪ್ಪಿಕೊಂಡಿತು. ಅದು ಆಡಳಿತ ಮಾಡಿದ ನಿಜವಾದ ಅನ್ಯಾಯ. ಮೂರನೆಯದು ಹಾವೇರಿಯದು. ಅಲ್ಲಿನ ರೈತರೊಬ್ಬರ ಆತ್ಮಹತ್ಯೆಗೆ ವಕ್ಫ್ ಕಾರಣ ಅಂತ ಕೆಲವು ಕನ್ನಡ ಪೋರ್ಟಲ್‌ಗಳು ಬರೆದವು, ಸಂಸದ ತೇಜಸ್ವಿ ಸೂರ್ಯ ಅದನ್ನು ಹಂಚಿಕೊಂಡರು. ಆ ಸಾವು 2022ರ ಜನವರಿಯದು, ಕಾರಣ ಸಾಲ ಮತ್ತು ಬೆಳೆ ನಷ್ಟ ಅಂತ ಪೊಲೀಸರು ಹೇಳಿದರು. ಎಫ್‌ಐಆರ್ ಆಯಿತು. ಸೂರ್ಯ ಅವರ ಮೇಲಿನ ಪ್ರಕರಣವನ್ನು ಡಿಸೆಂಬರ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು.

ಒಂದು ಹಳೆಯ ತಪ್ಪು, ಒಂದು ನಿಜವಾದ ಅನ್ಯಾಯ, ಒಂದು ತಪ್ಪು ಸುದ್ದಿ. ವಾಟ್ಸ್ಆ್ಯಪ್ ಫಾರ್ವರ್ಡಿನಲ್ಲಿ ಮೂರಕ್ಕೂ ದಿನಾಂಕ ಇಲ್ಲ, ಮೂಲ ಇಲ್ಲ, ಹಿಂದುಮುಂದು ಇಲ್ಲ. ಹಾಗಾಗಿ ಮೂರೂ ಸೇರಿ 'ರೈತರ ಭೂಮಿ ಹೋಯ್ತು' ಅನ್ನೋ ಒಂದೇ ಕತೆ ಆಯ್ತು. ಇದರಲ್ಲಿ ನಷ್ಟ ಆದದ್ದು ಯಾರಿಗೆ? ನೆರೆಹೊರೆಯವರ ಮೇಲೆ ಅನುಮಾನ ಬಿದ್ದ ಮುಸ್ಲಿಮರಿಗೆ. ಜೊತೆಗೆ ಇಂಡಿಯ ರೈತರಿಗೂ. ಅವರ ಖರೇ ದೂರು ಗದ್ದಲದಲ್ಲಿ ಮುಳುಗಿಹೋಯಿತು.

'ಫ್ಯಾಕ್ಟ್‌ಚೆಕ್ ಮಾಡಿ' ಅಂತ ಉಪದೇಶ ಮಾಡಿ ಮುಗಿಸೋ ವಿಷಯ ಇದಲ್ಲ. ಮೊದಲ ಸುದ್ದಿ ಸಿಟ್ಟು ತರಿಸುತ್ತೆ, ಜನ ಹಂಚುತ್ತಾರೆ, ಕಂಪನಿಗಳ ಅಲ್ಗಾರಿದಂ ಅದನ್ನೇ ಮೇಲೆ ತರುತ್ತೆ. ತಿದ್ದುಪಡಿ ಬೇಸರದ ಬರಹ, ಕೆಳಗೆ ಉಳಿಯುತ್ತೆ. ಯಾವುದು ಮೊದಲು ಕಾಣಬೇಕು ಅನ್ನೋ ತೀರ್ಮಾನ ನಮ್ಮದಲ್ಲ. ಅದನ್ನು ವಾಪಸ್ ನಮ್ಮ ಕೈಗೆ ತಗೊಳ್ಳೋದಕ್ಕೆ ಒಂದು ಹಳೆಯ, ಪುಕ್ಕಟೆ ದಾರಿ ಇದೆ: ಆರ್‌ಎಸ್‌ಎಸ್. (ಸಂಘ ಅಲ್ಲ, ಸುದ್ದಿ ಫೀಡ್.)

ಹಳೆಯ ದಾರಿ

1999ರಲ್ಲಿ ನೆಟ್‌ಸ್ಕೇಪ್ ಶುರು ಮಾಡಿದ್ದು ಇದು. ಪ್ರತಿ ವೆಬ್‌ಸೈಟು ತನ್ನ ಹೊಸ ಬರಹಗಳ ಪಟ್ಟಿಯನ್ನು ಒಂದು ಸರಳ ಫೈಲಿನಲ್ಲಿ ಇಡುತ್ತದೆ. ನಿಮ್ಮ ಫೀಡ್ ರೀಡರ್ ಆಗಾಗ ಹೋಗಿ ಆ ಪಟ್ಟಿ ತಂದು ದಿನಾಂಕದ ಪ್ರಕಾರ ಜೋಡಿಸುತ್ತದೆ. ನಡುವೆ ಅಲ್ಗಾರಿದಂ ಇಲ್ಲ, ಲೈಕ್ ಇಲ್ಲ. 2000ದ ಆರ್‌ಎಸ್‌ಎಸ್ 1.0 ರೂಪಿಸಿದವರಲ್ಲಿ ಆರನ್ ಸ್ವಾರ್ಟ್ಜ್ ಒಬ್ಬ, ಆಗ ಅವನಿಗೆ 14 ವರ್ಷ. ಬಹಳ ಜನ ಬಳಸುತ್ತಿದ್ದ ಗೂಗಲ್ ರೀಡರನ್ನು 2013ರ ಜುಲೈ 1ರಂದು ಕಂಪನಿಯೇ ಮುಚ್ಚಿತು. ಬಳಕೆದಾರರ ಕೂಗು ಯಾರೂ ಕೇಳಲಿಲ್ಲ. ಬೇರೆಯವರ ಮನೆಯಲ್ಲಿ ಕಟ್ಟಿದ ಗೂಡಿನ ಗತಿ ಅಷ್ಟೇ.

ಹಾಗಾಗಿ ರೀಡರ್ ನಮ್ಮದೇ ಯಂತ್ರದಲ್ಲಿರಲಿ ಅನ್ನೋದು ನನ್ನ ವಾದ. ಇದು ಬೆಂಗಳೂರಿನ ಐಟಿಯವರ ಹವ್ಯಾಸ ಅಂದುಕೊಳ್ಳಬೇಡಿ. ವಿಜಯಪುರದ ನನ್ನ ಕೋಣೆಯಲ್ಲಿ ಇದು ನಡೆಯುತ್ತಿರೋದು ಮೂಲೆಗೆ ಎಸೆದಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ. ಕರೆಂಟ್ ಹೋದರೆ ಅದರ ಬ್ಯಾಟರಿಯೇ ಯುಪಿಎಸ್.

ಮಾಡೋದು ಹೇಗೆ

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಅದರ ಮೇಲೆ ಡಾಕರ್ ಹಾಕಿ. ಒಂದು ತಂತ್ರಾಂಶಕ್ಕೆ ಬೇಕಾದ ಸಕಲ ಸಾಮಗ್ರಿಯನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಡುವ ವ್ಯವಸ್ಥೆ ಡಾಕರ್. ಆ ಬುತ್ತಿಯೇ ಕಂಟೇನರ್. ನಿಮ್ಮ ಲ್ಯಾಪ್‌ಟಾಪಿನಲ್ಲಿ ಪಿಎಚ್‌ಪಿ ಇದೆಯಾ, ಯಾವ ಆವೃತ್ತಿ ಅನ್ನೋ ತಲೆನೋವಿಲ್ಲ. ಬೇಡ ಅಂದರೆ ಬುತ್ತಿ ತೆಗೆದುಹಾಕಿದರಾಯ್ತು.

ರೀಡರ್‌ಗಳಲ್ಲಿ ಫ್ರೆಶ್‌ಆರ್‌ಎಸ್‌ಎಸ್ ಮತ್ತು ಮಿನಿಫ್ಲಕ್ಸ್ ಎರಡೂ ಮುಕ್ತ ತಂತ್ರಾಂಶಗಳು. ಮಿನಿಫ್ಲಕ್ಸ್ ಬಹಳ ಹಗುರ, ಆದರೆ ಅದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕೇ ಬೇಕು, ಅಂದರೆ ಎರಡು ಕಂಟೇನರ್. ಫ್ರೆಶ್‌ಆರ್‌ಎಸ್‌ಎಸ್ ಒಂದೇ ಕಂಟೇನರ್‌ನಲ್ಲಿ, ಎಸ್‌ಕ್ಯೂಲೈಟ್ ಜೊತೆ ನಡೆಯುತ್ತದೆ. ಮೊದಲ ಸಲ ಮಾಡುವವರಿಗೆ ಇದೇ ಸಲೀಸು.

ಡಾಕರ್ ಕಂಪೋಸ್ ಅನ್ನೋ ಒಂದು ಸಣ್ಣ ಫೈಲಿನಲ್ಲಿ ಐದು ಸಂಗತಿ ಬರೆದರೆ ಸಾಕು. ಒಂದು, ಯಾವ ಇಮೇಜ್ ಬೇಕು. ಎರಡು, ಯಾವ ಪೋರ್ಟಿನಲ್ಲಿ ತೆರೆಯಬೇಕು. 8080 ಅಂತ ಕೊಡಬಹುದು. ಮೂರು, ಡೇಟಾ ಯಾವ ವಾಲ್ಯೂಮ್‌ನಲ್ಲಿ ಉಳಿಯಬೇಕು. ಇದನ್ನು ಮರೆತರೆ ಕಂಟೇನರ್ ಬದಲಿಸಿದ ದಿನ ಓದಿದ್ದು, ಕೂಡಿಟ್ಟದ್ದು ಎಲ್ಲಾ ಹೋಗುತ್ತೆ. ನಾಲ್ಕು, ಎಷ್ಟು ನಿಮಿಷಕ್ಕೊಮ್ಮೆ ಸುದ್ದಿ ತರಬೇಕು ಅನ್ನೋ ಕ್ರಾನ್ ಸೆಟ್ಟಿಂಗ್. ಇದಿಲ್ಲದಿದ್ದರೆ ರೀಡರ್ ತಾನಾಗಿ ಏನನ್ನೂ ತರಲ್ಲ. ಐದು, ಕರೆಂಟ್ ಹೋಗಿ ಬಂದಾಗ ತಾನೇ ಏಳಬೇಕು ಅನ್ನೋ ಸೂಚನೆ. ಆಮೇಲೆ ಒಂದೇ ಕಮಾಂಡ್. ಬ್ರೌಸರಿನಲ್ಲಿ ವಿಳಾಸ ತೆರೆದು ಗಟ್ಟಿ ಪಾಸ್‌ವರ್ಡ್ ಇಟ್ಟರೆ ಮುಗಿಯಿತು.

ಮನೆಯಿಂದ ಹೊರಗೆ ಹೋದಾಗ ಫೋನಿನಲ್ಲಿ ಓದೋದು ಹೇಗೆ? ನಮ್ಮಲ್ಲಿ ಬಹಳಷ್ಟು ಇಂಟರ್ನೆಟ್ ಕಂಪನಿಗಳು ಮನೆಗೊಂದು ಸ್ವಂತ ಐಪಿ ವಿಳಾಸ ಕೊಡಲ್ಲ, ಒಂದನ್ನೇ ಹತ್ತಾರು ಮನೆಗೆ ಹಂಚುತ್ತವೆ. ಹಾಗಾಗಿ ಹೊರಗಿನಿಂದ ನೇರ ಒಳಗೆ ಬರಲು ಆಗಲ್ಲ. ಟೈಲ್‌ಸ್ಕೇಲ್‌ನಂಥ ಖಾಸಗಿ ನೆಟ್‌ವರ್ಕ್ ಬಳಸಿ. ಪೋರ್ಟನ್ನು ಇಡೀ ಲೋಕಕ್ಕೆ ತೆರೆದಿಡುವುದಕ್ಕಿಂತ ಇದೇ ಸುರಕ್ಷಿತ.

ಮೂಲಗಳನ್ನು ಸೇರಿಸುವಾಗ ನಿಮ್ಮ ಮನಸ್ಸಿಗೆ ಒಪ್ಪುವ ಸೈಟುಗಳನ್ನಷ್ಟೇ ತುಂಬಬೇಡಿ. ಎದುರಾಳಿಗಳದ್ದೂ ಇರಲಿ, ಪಿಐಬಿಯ ಸರ್ಕಾರಿ ಪ್ರಕಟಣೆಯೂ ಇರಲಿ. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಸೈಟುಗಳಿಗೆ ಸಾಮಾನ್ಯವಾಗಿ ವಿಳಾಸದ ಕೊನೆಗೆ 'ಫೀಡ್' ಅಂತ ಸೇರಿಸಿದರೆ ಸಾಕು. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ. ಒಂದೇ ಲ್ಯಾಪ್‌ಟಾಪಿನಲ್ಲಿ ಹತ್ತು ಜನಕ್ಕೆ ಖಾತೆ ತೆರೆಯಬಹುದು. ಒಂದು ಹಾಸ್ಟೆಲ್ಲಿಗೆ, ಒಂದು ಸಂಘಟನೆಯ ಕಚೇರಿಗೆ ಒಂದು ಸಾಕು.

ಇದರಿಂದ ಏನಾಗುತ್ತೆ, ಏನಾಗಲ್ಲ

ಹೊನವಾಡ ಅಂತ ಹುಡುಕಿದರೆ ನಾನು ಸೇರಿಸಿದ ಎಲ್ಲಾ ಮೂಲಗಳ ಬರಹ ದಿನಾಂಕದ ಸಾಲಿನಲ್ಲಿ ನಿಲ್ಲುತ್ತದೆ. ಆರೋಪಕ್ಕೂ ವಿವರಣೆಗೂ ಒಂದೇ ಅಳತೆಯ ಜಾಗ. ಪೋರ್ಟಲ್ ಸದ್ದಿಲ್ಲದೆ ಬರಹ ಅಳಿಸಿದರೂ ನಾನು ಹೇಳಿದಷ್ಟು ಕಾಲ ಅದು ನನ್ನಲ್ಲಿ ಉಳಿಯುತ್ತದೆ. ತಿದ್ದಿದ ಬರಹ ಫೀಡಿನಲ್ಲಿ ಮತ್ತೆ ಬಂದರೆ ಅದನ್ನು 'ಓದಿಲ್ಲ' ಅಂತ ಮತ್ತೆ ಕಣ್ಣಿಗೆ ಕಾಣಿಸುವ ಆಯ್ಕೆಯೂ ಇದೆ. ಆದರೆ ಹಳೆಯ ರೂಪದ ಮೇಲೆ ಹೊಸದು ಕೂರುತ್ತದೆ, ಎರಡನ್ನೂ ಹೋಲಿಸಬೇಕಾದರೆ ಬೇರೆ ದಾಖಲೆ ಬೇಕು.

ಮಿತಿಗಳು ಇನ್ನೂ ಇವೆ. ಸುಳ್ಳು ಬರೆಯುವ ಸೈಟನ್ನು ಸೇರಿಸಿದರೆ ಸುಳ್ಳೇ ಬರುತ್ತದೆ. 2025ರ ಮೇ 9ರಂದು 'ದಿ ವೈರ್' ತಾಣವನ್ನು ತಡೆದಂತೆ ಸರ್ಕಾರ ತಡೆದರೆ, ನನ್ನ ಲ್ಯಾಪ್‌ಟಾಪೂ ಅದೇ ಕಂಪನಿಯ ತಂತಿಯಲ್ಲಿರುವುದರಿಂದ ಅದಕ್ಕೂ ಸಿಗಲ್ಲ. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಫೀಡ್ ಕೊಡಲ್ಲ. ತಿಕೋಟಾದ ದ್ರಾಕ್ಷಿ ತೋಟದಲ್ಲಿರುವ ಅಣ್ಣನಿಗೆ ಡಾಕರ್ ಕಲಿ ಅನ್ನೋದು ಉತ್ತರವೂ ಅಲ್ಲ.

ಅದಕ್ಕೇ ಇದರ ಜೊತೆ ಒಂದು ರಾಜಕೀಯ ಬೇಡಿಕೆ ಇರಬೇಕು. ಹೊನವಾಡದ ಗೊಂದಲ ಹುಟ್ಟಿದ್ದು ಗೆಜೆಟ್‌ನಲ್ಲಿ. ತಪ್ಪೂ ಅಲ್ಲೇ, ತಿದ್ದುಪಡಿಯೂ ಅಲ್ಲೇ. ರೈತನ ಕಣ್ಣಿಗೆ ಮಾತ್ರ ಎರಡೂ ಬೀಳಲಿಲ್ಲ, ಸಚಿವರು ಮಾಧ್ಯಮದ ಮುಂದೆ ಕೂತು ಹೇಳಬೇಕಾಯಿತು. 2000ದ ಹೊತ್ತಿಗೇ ಭೂಮಿ ಯೋಜನೆಯಲ್ಲಿ ಪಹಣಿ ಗಣಕೀಕರಣ ಮಾಡಿದ ರಾಜ್ಯ ನಮ್ಮದು. ಯಾವ ಊರಿನ ಯಾವ ಸರ್ವೆ ನಂಬರಿಗೆ ಏನು ನೋಟಿಸ್, ಪಹಣಿಯ 11ನೇ ಕಾಲಂನಲ್ಲಿ ಏನು ಬದಲಾವಣೆ, ಯಾವ ಆದೇಶ ರದ್ದು ಅನ್ನೋದನ್ನು ತಾಲ್ಲೂಕುವಾರು ಫೀಡ್ ಆಗಿ ಪ್ರಕಟಿಸುವುದು ಈ ಸರ್ಕಾರಕ್ಕೆ ದೊಡ್ಡ ಕೆಲಸ ಅಲ್ಲ. ಹಾಗೆ ಮಾಡಿದ್ದರೆ ಇಂಡಿಯ 41 ಸರ್ವೆ ನಂಬರುಗಳ ವಿಷಯ ಮೊದಲ ದಿನವೇ ಹೊರಬೀಳುತ್ತಿತ್ತು, ಹೊನವಾಡದ 1,200 ಎಕರೆಯ ಗುಲ್ಲು ಮೊದಲ ದಿನವೇ ಸಾಯುತ್ತಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ಪ್ರಮಾಣಿಸಿ ನೋಡೋಕೆ ಮೊದಲು ಕಾಗದ ಕೈಗೆ ಸಿಗಬೇಕು. ರೀಡರ್ ನಾವು ಹಾಕಿಕೊಳ್ಳೋಣ, ಫೀಡ್ ಅವರು ಕೊಡಲಿ. ಮುಂದಿನ ಚುನಾವಣೆಯ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಊರಿನ ಹೆಸರು ಹೀಗೇ ಓಡಾಡೋದು ಗ್ಯಾರಂಟಿ.